ಗ್ಯಾಸ್ ಅನ್ನೋದು ಕೊನೀ ಮಾತು

ಪ್ರತಿ ಕಸುಬಿಗೂ ತಪ್ಪಿಸಿಕೊಳ್ಳಲು ಒಂದೊಂದು ಮಾತಿರುತ್ತದೆ. ದರ್ಜಿಗೆ ‘ಗುಂಡಿ ಹಚ್ಚೋದೊಂದೇ ಬಾಕಿ’, ಕರೆಂಟಿನವನಿಗೆ ‘ಎಲ್ಲೋ ಲೂಸ್ ಆಗ್ಯಾದ’, ನಮ್ಮಂಥ ಐಸ್ ಮಷೀನು ರಿಪೇರಿಯವರಿಗೆ ‘ಗ್ಯಾಸ್ ಹೋಗ್ಯಾದ’. ಇದು ಬಹಳ ಅನುಕೂಲದ ಮಾತು. ಗ್ಯಾಸು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಹೋಗಿದೆ ಎಂದರೆ ಯಾರೂ ಇಲ್ಲವೆನ್ನಲಾರರು. ರಾಯಚೂರು, ದೇವದುರ್ಗ, ಮಾನ್ವಿಯ ಜ್ಯೂಸ್ ಅಂಗಡಿಗಳಲ್ಲಿ, ಖಾನಾವಳಿಗಳಲ್ಲಿ ಐಸ್ ಬೀಳುವುದು ನಿಂತರೆ ಮಾಲೀಕರೇ ರೋಗ ಕಂಡುಹಿಡಿದು ನನಗೆ ಫೋನು ಮಾಡುತ್ತಾರೆ: “ಮಿಸ್ತ್ರಿ, ಗ್ಯಾಸ್ ಹೋಗ್ಯಾದ, ಲಗೂ ಬರ್ರಿ.” ನನ್ನ ಬಾಯಲ್ಲಿ ಮಾತ್ರ ಎರಡು ವರ್ಷದಿಂದ ಆ ಶಬ್ದ ಹೊರಡುವುದಿಲ್ಲ. ನನ್ನ ಹೆಂಡತಿ ನೀಲಮ್ಮನನ್ನು ನಾನು ಕಳೆದುಕೊಂಡದ್ದು ಆ ಒಂದು ಮಾತಿನಿಂದ. ಹೀಗೆಂದರೆ ಜನ ಗಾಬರಿಯಾಗಿ, ಸಿಲಿಂಡರ್ ಸಿಡಿಯಿತೇ ಎಂದು ಕೇಳುತ್ತಾರೆ. ಸಿಲಿಂಡರ್ ಏನೂ ಸಿಡಿಯಲಿಲ್ಲ.

ನನಗೆ ಕೆಲಸ ಕಲಿಸಿದವರು ಉಸ್ತಾದ್ ಮಹಬೂಬ್ ಸಾಬರು. ಒಮ್ಮೆ ದೇವದುರ್ಗದ ಖಾನಾವಳಿಯೊಂದರಲ್ಲಿ, ಮಷೀನಿನ ಮುಚ್ಚಳ ತೆಗೆಯುವ ಮೊದಲೇ ನಾನು ‘ಗ್ಯಾಸ್ ಹೋಗ್ಯಾದ’ ಎಂದುಬಿಟ್ಟೆ. ಉಸ್ತಾದರು ಮಾಲೀಕನ ಎದುರಿಗೇ ನನ್ನ ಕಿವಿ ಹಿಂಡಿದರು. ಆಗ ನನಗೆ ಮೀಸೆ ಬಂದು, ಮದುವೆಯೂ ಆಗಿತ್ತು. “ಲೇ, ಗ್ಯಾಸ್ ಅನ್ನೋದು ಕೊನೀ ಮಾತು. ಮದ್ಲ ಕೈ ಇಟ್ಟು ನೋಡು, ಬಿಸಿ ಎಷ್ಟದ. ಆಮ್ಯಾಲ ಕಿವಿಗೊಟ್ಟು ಕೇಳು, ಉಸಿರು ಹೆಂಗ ಬಿಡಾಕತ್ತದ. ಆಮ್ಯಾಲ ಮೀಟರ್ ಹಚ್ಚು. ಇಷ್ಟಾದ್ರೂ ಏನೂ ಸಿಗಲಿಲ್ಲಂದ್ರ ಆಗ ಬಾಯಿ ಬಿಡು,” ಎಂದರು. ಆ ಮಷೀನಿಗೆ ಆಗಿದ್ದದ್ದು ಬೋರ್‌ವೆಲ್ ನೀರಿನ ಸುಣ್ಣ. ಐಸ್ ಕಟ್ಟುವ ತಟ್ಟೆಯ ಮೇಲೆ ಅದು ಗಟ್ಟಿಯಾಗಿ ಕೂತಿತ್ತು. ನಿಂಬೆ ಉಪ್ಪು ಹಾಕಿ ತೊಳೆದರೆ ಸರಿಹೋಯಿತು. ಮನೆಗೆ ಬಂದು ಹೇಳಿದಾಗ ನೀಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಹಳ ದಿನ, ನಾನು ಕೆಲಸದಿಂದ ಬಂದ ಕೂಡಲೇ “ಎಲ್ಲಿ, ಕಿವಿ ತೋರಸ್ರಿ ನೋಡೂಣು” ಎನ್ನುತ್ತಿದ್ದಳು.

ಉಸ್ತಾದರ ಮಾತನ್ನು ನಾನು ಎಂದೂ ಮೀರಲಿಲ್ಲ, ಮಷೀನಿನ ವಿಷಯದಲ್ಲಿ. ಮನೆಯ ಸಂಗತಿ ಬೇರೆ. ನಮ್ಮ ಮನೆಯ ಫ್ರಿಜ್ಜು ಆರು ತಿಂಗಳಿಂದ ಕೆಳಗೆ ನೀರು ಸುರಿಸುತ್ತಿತ್ತು. ನೀಲಮ್ಮ ಹಳೇ ಸೀರೆಯ ಚೂರೊಂದನ್ನು ಅದರ ಕಾಲಡಿ ಹಾಸಿ, ದಿನಾ ಹಿಂಡಿ ಒಣಗಿಸುತ್ತಿದ್ದಳು. “ಊರ ಮಷೀನಿಗೆಲ್ಲ ಕೈ ಇಟ್ಟು ನೋಡ್ತೀರಿ, ಮನ್ಯಾಗಿಂದು ಅಳಾಕತ್ತು ಆರು ತಿಂಗಳಾತು. ಇದಕ್ಕ ಯಾವ ಮಿಸ್ತ್ರೀನ ಕರೀಲಿ?” ಎಂದು ಕೇಳುತ್ತಿದ್ದಳು. ಭಾನುವಾರ ನೋಡುತ್ತೇನೆ ಎನ್ನುತ್ತಿದ್ದೆ. ಭಾನುವಾರಗಳು ಬಂದವು, ಹೋದವು.

ಆ ದಿನ ಮಾನ್ವಿಯಿಂದ ಅಮರೇಶಪ್ಪನ ಫೋನು ಬಂತು. ಅವನದು ಸಿರವಾರ ರಸ್ತೆಯಲ್ಲಿ ರೈಸ್ ಮಿಲ್ಲಿನ ಪಕ್ಕದ ಜ್ಯೂಸ್ ಅಂಗಡಿ. ಮೇ ತಿಂಗಳ ಬಿಸಿಲು, ಐಸ್ ಇಲ್ಲ. ಅಷ್ಟರಲ್ಲಿ ಇಬ್ಬರು ಮಿಸ್ತ್ರಿಗಳು ಬಂದು ಗ್ಯಾಸ್ ತುಂಬಿ ಹೋಗಿದ್ದರು. ನಾನು ಹೋಗಿ ಮೊದಲು ಪೈಪಿಗೆ ಕೈ ಇಟ್ಟೆ, ಚುರುಕ್ ಎಂದಿತು. ಕಿವಿ ಕೊಟ್ಟೆ. ಕಂಪ್ರೆಸರ್ ಏದುಸಿರು ಬಿಡುತ್ತಿತ್ತು. ಮೀಟರ್ ಹಚ್ಚಿದರೆ ಒತ್ತಡದ ಮುಳ್ಳು ಎಲ್ಲಿರಬೇಕೋ ಅದಕ್ಕಿಂತ ಬಹಳ ಮೇಲಿತ್ತು. ಗ್ಯಾಸ್ ಹೋಗುವುದಿರಲಿ, ಅಗತ್ಯಕ್ಕಿಂತ ಹೆಚ್ಚೇ ಇತ್ತು. ಹಿಂದಿನ ತಗಡು ಬಿಚ್ಚಿದೆ. ಬಿಸಿಗಾಳಿ ಹೊರಹೋಗಬೇಕಾದ ಜಾಲರಿಯಲ್ಲಿ ಮಿಲ್ಲಿನ ತೌಡಿನ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು. “ಗ್ಯಾಸ್ ಅಲ್ರಿ ಅಮರೇಶಪ್ಪ, ಇದಕ್ಕ ಉಸಿರು ಕಟ್ಟ್ಯಾದ,” ಎಂದೆ. “ಜೀವ ಹಿಡಕೊಂಡು ಕುಂತದ. ಇನ್ನೊಂದು ದಿನ ಬಿಟ್ಟಿದ್ರ ಕಂಪ್ರೆಸರ್ ಸುಟ್ಟೇ ಹೋಗ್ತಿತ್ತು.” ಅಮರೇಶಪ್ಪ ಬಾಯಿ ತೆರೆದು ಕೇಳುತ್ತಿದ್ದ. ನನಗೂ ಎದೆಯುಬ್ಬಿತ್ತು, ಸುಳ್ಳೇಕೆ ಹೇಳಲಿ.

ಹೆಚ್ಚಿನ ಗ್ಯಾಸನ್ನು ಸಿಲಿಂಡರಿಗೆ ಇಳಿಸಿ, ಬ್ರಷ್ ಹಿಡಿದು ಧೂಳು ತೆಗೆಯುತ್ತಿದ್ದಾಗ ನೀಲಮ್ಮನ ಫೋನು ಬಂತು. ಕೈ ಮಸಿಯಾಗಿತ್ತು. ಫೋನನ್ನು ಹೆಗಲು ಕಿವಿಯ ನಡುವೆ ಸಿಕ್ಕಿಸಿಕೊಂಡೆ.

“ರೀ, ಎದಿ ಒಂಥರಾ ಆಗಾಕತ್ತದ. ಉಸಿರು ಹಿಡದಂಗ ಆಗ್ತದ.”

“ಮುಂಜಾನಿ ಒಗ್ಗರಣಿ ಮಿರ್ಚಿ ತಿಂದೀಯಲ್ಲ, ಗ್ಯಾಸ್ ಆಗ್ಯಾದ. ಜೀರಗಿ ನೀರು ಕುಡದು ಸ್ವಲ್ಪ ಮಲ್ಕೊ.”

“ಹಂಗೇ ಇರಬೇಕ್ರಿ. ನೀವು ಉಂಡ್ರಿಲ್ಲೋ?”

“ಇಲ್ಲಿ ಕೆಲಸದಾಗಿದ್ದೀನಿ ನೀಲಾ, ಇಡು ಇಡು,” ಎಂದೆ.

ಇಟ್ಟಳು. ಮೂವತ್ತು ವರ್ಷ ಮಿಸ್ತ್ರಿಯ ಹೆಂಡತಿಯಾಗಿದ್ದವಳು, ಮಿಸ್ತ್ರಿ ಹೇಳಿದ ಮೇಲೆ ಮುಗಿಯಿತು ಎಂದು ನಂಬಿದಳು. ಕೈ ಇಡದೆ, ಕಿವಿ ಕೊಡದೆ ನಾನು ಆ ಕೊನೆಯ ಮಾತನ್ನು ಮೊದಲೇ ಆಡಿದ್ದೆ. ಕಿವಿ ಹಿಂಡಲು ಉಸ್ತಾದರು ಇರಲಿಲ್ಲ.

ಜಾಲರಿ ಸ್ವಚ್ಛವಾಯಿತು, ಮಷೀನು ಸಲೀಸಾಗಿ ಓಡಿತು. ಅಲ್ಲಿಗೆ ನಾನು ಹೊರಡಬಹುದಿತ್ತು. ಆದರೆ ಮೊದಲ ಐಸ್ ಬೀಳುವ ಸದ್ದು ಕೇಳದೆ ಹೊರಡುವ ಅಭ್ಯಾಸ ನನಗಿಲ್ಲ. ಐಸ್ ದಡದಡನೆ ಬಿತ್ತು. ಅದೇ ಐಸ್ ಹಾಕಿ ಅಮರೇಶಪ್ಪ ನಿಂಬೆ ಶರಬತ್ತು ಕೊಟ್ಟ. ಅಂಗಡಿಗೆ ಬಂದವರಿಗೆಲ್ಲ “ನೋಡ್ರಿ, ಇವರು ಮಿಸ್ತ್ರಿ ಅಲ್ಲ, ಡಾಕ್ಟ್ರು” ಎಂದು ನನ್ನನ್ನು ತೋರಿಸುತ್ತಿದ್ದ. ಬೇಡ ಬೇಡವೆನ್ನುತ್ತ ನಾನು ಎರಡನೆಯ ಲೋಟವನ್ನೂ ಕುಡಿಯುತ್ತ ಕೂತೆ. ಆಗ ನಮ್ಮ ಎದುರು ಮನೆಯ ಶರಣಮ್ಮನ ಫೋನು ಬಂತು. “ಅಣ್ಣಾ, ವೈನಿ ಬಿದ್ದಾರ. ಆಟೋದಾಗ ದವಾಖಾನಿಗೆ ಒಯ್ಯಾಕತ್ತೀವಿ, ಲಗೂ ಬರ್ರಿ.”

ನಾನು ರಾಯಚೂರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. “ಹಾರ್ಟ್ ಅಟ್ಯಾಕ್. ಒಂದು ತಾಸು ಮದ್ಲ ತಂದಿದ್ರ ನೋಡಬಹುದಿತ್ರಿ,” ಎಂದರು ಡಾಕ್ಟರು. ಆ ಒಂದು ತಾಸು ಎಲ್ಲಿತ್ತೆಂದು ನನಗೆ ಗೊತ್ತು. ಮಾನ್ವಿಯಲ್ಲಿ ಕುರ್ಚಿ ಹಾಕಿಕೊಂಡು ಶರಬತ್ತು ಕುಡಿಯುತ್ತಿತ್ತು. ನೀಲಮ್ಮನ ಕೈ ಹಿಡಿದು ನೋಡಿದೆ. ತಣ್ಣಗಿತ್ತು. ಜೀವಮಾನವಿಡೀ ತಣ್ಣಗಾಗಿಸುವುದನ್ನೇ ಕೆಲಸ ಮಾಡಿಕೊಂಡವನು ನಾನು, ಆ ತಂಪನ್ನು ಹಿಡಿದುಕೊಂಡಿರಲು ನನ್ನಿಂದಾಗಲಿಲ್ಲ.

ದಿನಕರ್ಮಗಳು ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ, ಅಡುಗೆಮನೆಯಲ್ಲಿ ಕಾಲಿಗೆ ನೀರು ತಾಗಿತು. ಸೀರೆಯ ಚೂರನ್ನು ಹಿಂಡುವವರು ಇರಲಿಲ್ಲ. ಫ್ರಿಜ್ಜಿನ ಹಿಂದೆ ನೀರು ಹೋಗುವ ತೂತು ಕಟ್ಟಿಕೊಂಡಿತ್ತು. ತಂತಿ ಹಾಕಿ ಕೆದಕಿದೆ, ಐದು ನಿಮಿಷದ ಕೆಲಸ. ಫ್ರಿಜ್ಜು ಅಳು ನಿಲ್ಲಿಸಿತು. ನಾನು ಅದರ ಮುಂದೆ ನೆಲದ ಮೇಲೆ ಕೂತು ಶುರು ಮಾಡಿದೆ.

ಈಗ ಯಾವ ಮಷೀನಿನ ಮುಂದೆಯೂ ನಾನು ಆ ಶಬ್ದ ಆಡುವುದಿಲ್ಲ. ನಿಜವಾಗಿಯೂ ಅದು ಹೋಗಿದ್ದರೆ ‘ಒಳಗಿಂದು ಖಾಲಿ ಆಗ್ಯಾದ್ರಿ’ ಎನ್ನುತ್ತೇನೆ. ಗಿರಾಕಿಗಳು ನನ್ನ ಮುಖವನ್ನೊಮ್ಮೆ, ಮಷೀನನ್ನೊಮ್ಮೆ ನೋಡುತ್ತಾರೆ.

ಕಳೆದ ತಿಂಗಳು ಒಂದು ಮುಂಜಾನೆ ನನ್ನ ಎದೆಯೂ ಬಿಗಿಹಿಡಿಯಿತು. ಶರಣಮ್ಮ ಒಂದು ಕ್ಷಣ ತಡಮಾಡದೆ ಆಟೋ ಹತ್ತಿಸಿದಳು. ಎದೆಗೆ ವೈರುಗಳನ್ನು ಅಂಟಿಸಿ, ಉದ್ದನೆಯ ಕಾಗದ ತೆಗೆದು, ಎಳೆಯ ವಯಸ್ಸಿನ ಡಾಕ್ಟರು ನಕ್ಕರು. “ಏನಿಲ್ರಿ ಯಜಮಾನ್ರ, ಹಾರ್ಟು ಗಟ್ಟಿ ಅದ. ಬರೇ ಗ್ಯಾಸು.”

“ಕೈ ಇಟ್ಟು ನೋಡಿದ್ರ್ಯಾ? ಕಿವಿಗೊಟ್ಟು ಕೇಳಿದ್ರ್ಯಾ?” ಎಂದೆ.

“ಎಲ್ಲಾ ನೋಡೀನ್ರಿ. ಗ್ಯಾಸೇ.”

ಕೇಳಿ ಗೊಳೋ ಎಂದು ಅತ್ತುಬಿಟ್ಟೆ. ಡಾಕ್ಟರು ದಂಗಾದರು. ಶರಣಮ್ಮ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು, “ಸುಮ್ನಿರ್ರಿ ಅಣ್ಣಾ, ಗ್ಯಾಸಂದ್ರ ಯಾರರ ಅಳ್ತಾರೇನು?” ಎಂದಳು.

ಮನೆಗೆ ಬಂದು ಜೀರಿಗೆ ನೀರು ಕುದಿಸಿಕೊಂಡು ಕುಡಿದೆ. ಹತ್ತು ನಿಮಿಷಕ್ಕೆ ದೊಡ್ಡದೊಂದು ತೇಗು ಬಂದು ಎದೆ ಹಗುರಾಯಿತು. ನಾನು ಅಂದು ಹೇಳಿದ ಮದ್ದು ಸರಿಯಾಗಿಯೇ ಇತ್ತು. ಕುಡಿಯುವ ಆಳು ಮಾತ್ರ ತಪ್ಪಾಗಿತ್ತು.