ಎಂಬತ್ತರ ಅಮ್ಮನಿಗೆ ಎರಡು ಊಟ

ಅಮ್ಮನ ಎಂಬತ್ತನೆಯ ಹುಟ್ಟುಹಬ್ಬದ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾನು ಎರಡು ಪ್ರತಿಜ್ಞೆ ಮಾಡಿದೆ. ಒಂದು, ಅಮ್ಮನಿಗೆ ಅವಳು ಜನ್ಮದಲ್ಲೇ ಉಂಡಿರದಂಥ ಊಟ ಹಾಕಿಸುವುದು. ಎರಡು, ಅಣ್ಣ ಬೂನ್ ಹೋಕ್ ಎದುರಿಗೇ ಕೂತರೂ ಅವನೊಂದಿಗೆ ಒಂದಕ್ಷರ ಮಾತಾಡದಿರುವುದು. ಎರಡನೆಯದರ ಬಗ್ಗೆ ನನಗೆ ಕಿಂಚಿತ್ತೂ ಅಳುಕಿರಲಿಲ್ಲ. ಒಂಬತ್ತು ವರ್ಷ ಸಾಧನೆ ಮಾಡಿ ಒಲಿಸಿಕೊಂಡ ವಿದ್ಯೆ ಅದು! ಪೆನಾಂಗಿನಂಥ ಅಂಗೈಯಗಲದ ದ್ವೀಪದಲ್ಲಿ, ಅವನ ಮೊಳೆ-ಬೋಲ್ಟಿನ ಅಂಗಡಿಗೂ ನನ್ನ ಕನ್ನಡಕದ ಅಂಗಡಿಗೂ ನಡುವೆ ಮೂರೇ ಬೀದಿ ಇರುವಾಗ, ಒಡಹುಟ್ಟಿದವನ ಜೊತೆ ಮಾತಾಡದೆ ಒಂಬತ್ತು ವರ್ಷ ಕಳೆಯುವುದು ಸಾಮಾನ್ಯ ತಪಸ್ಸಲ್ಲ. ನಮ್ಮ ಚೀನೀ ಹೊಸ ವರ್ಷದ ಊಟಕ್ಕೂ ನಾನು ಮಾರನೆಯ ದಿನ ಹೋಗಿ ಉಳಿದದ್ದನ್ನು ಉಂಡು ಬರುತ್ತಿದ್ದೆ.

ಕಾರಣ ಮಾತ್ರ ಸಣ್ಣದಲ್ಲ. ಅಪ್ಪ ತೀರಿಕೊಂಡಾಗ ನಾನು ಸಮುದ್ರದಾಚೆ ಕುಚಿಂಗಿನಲ್ಲಿ ಕೆಲಸದಲ್ಲಿದ್ದೆ. ಸಿಕ್ಕ ವಿಮಾನ ಹಿಡಿದು ಓಡಿ ಬಂದೆ. ಮನೆಯ ಬಾಗಿಲು ಮುಟ್ಟುವ ಹೊತ್ತಿಗೆ ಶವಪೆಟ್ಟಿಗೆ ಮುಚ್ಚಿ ಎರಡು ಗಂಟೆಯಾಗಿತ್ತು. ಪಂಚಾಂಗದಲ್ಲಿದ್ದ ಮುಹೂರ್ತವೇ ಅಷ್ಟು ಹೊತ್ತಿಗೆ ಎಂದ ಅಣ್ಣ. ತಮ್ಮ ಬರುತ್ತಿದ್ದಾನೆ ಎಂದು ಗೊತ್ತಿದ್ದೂ ಎರಡು ಗಂಟೆ ಕಾಯದವನ ಜೊತೆ ಇನ್ನೆಂಥ ಮಾತು ಎಂದು ಅಂದೇ ತೀರ್ಮಾನಿಸಿದೆ. ಅಪ್ಪನ ಮುಖವನ್ನು ಕೊನೆಗೊಮ್ಮೆ ನೋಡಲಾಗಲಿಲ್ಲ.

ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಭಾನುವಾರ ಅವನು ಹೊರಗೆ ಹೋಗುವ ಹೊತ್ತು ನೋಡಿಕೊಂಡು ನಾನು ಹೋಗಿ, ಅಮ್ಮನ ಕುರ್ಚಿಯ ಪಕ್ಕ ಒಂದು ಗಂಟೆ ಕೂತು ಬರುತ್ತೇನೆ. ಹೋದ ತಿಂಗಳು, ಹುಟ್ಟುಹಬ್ಬಕ್ಕೆ ಏನು ಬೇಕಮ್ಮ ಎಂದು ಕೇಳಿದೆ.

"ಏನೂ ಬೇಡ ಕಣೋ. ನಾನು ಕಣ್ಣು ಮುಚ್ಚೋದರೊಳಗೆ ಒಂದ್ಸಲ ನೀನು ಅವನನ್ನ ಅಣ್ಣ ಅಂತ ಕರೆಯೋದು ಕೇಳಿಸಿದ್ರೆ ಸಾಕು" ಎಂದಳು.

ಜಪಾನಿ ಊಟ ಕೊಡಿಸುತ್ತೇನೆ ಎಂದೆ.

ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಜಪಾನಿ ಹೋಟೆಲಿನಲ್ಲಿ, ಮಧ್ಯಾಹ್ನ ಒಂದೂವರೆಗೆ, ಪ್ರತ್ಯೇಕ ಕೋಣೆಯನ್ನೇ ಹೇಳಿಟ್ಟೆ. ಆಮೇಲೆ ತಿಳಿಯಿತು, ಅಣ್ಣ ಅದೇ ದಿನ ಹನ್ನೊಂದೂವರೆಗೆ ಅಪ್ಪನ ಕಾಲದಿಂದ ನಮ್ಮ ಮನೆಯವರು ಹೋಗುವ ಚೀನೀ ಹೋಟೆಲಿನಲ್ಲಿ ಎಂಟು ಬಗೆಯ ಊಟ ಹೇಳಿಬಿಟ್ಟಿದ್ದಾನೆ. ಹೊತ್ತು ಬದಲಾಯಿಸೋಣವೆಂದರೆ ಒಬ್ಬರಿಗೊಬ್ಬರು ಮಾತಾಡಬೇಕು. ನನ್ನ ಹೆಂಡತಿ ಗೈಕ್ ಸಿಮ್ ಮತ್ತು ಅತ್ತಿಗೆ ವಾರವಿಡೀ ಫೋನಿನಲ್ಲಿ ರಾಯಭಾರ ನಡೆಸಿದರು. ಎರಡು ಸಾಮ್ರಾಜ್ಯಗಳಲ್ಲಿ ಒಂದೂ ಮಣಿಯಲಿಲ್ಲ.

"ರೀ, ನಿಮ್ಮಮ್ಮನಿಗೆ ಮಕ್ಕಳು ಇಬ್ಬರಿರಬಹುದು, ಹೊಟ್ಟೆ ಒಂದೇ" ಎಂದಳು ಗೈಕ್ ಸಿಮ್.

ಕೊನೆಗೆ ಅಮ್ಮನೇ ತೀರ್ಪು ಕೊಟ್ಟಳು. ಎರಡೂ ಕಡೆ ಉಣ್ಣುತ್ತಾಳಂತೆ. ಆದರೆ ಹುಟ್ಟುಹಬ್ಬದ ನೂಡಲ್ಸ್ ತಿನ್ನುವಾಗ ಇಬ್ಬರು ಮಕ್ಕಳೂ ಕಣ್ಣೆದುರಿಗಿರಬೇಕಂತೆ. ಹೀಗಾಗಿ ಅಣ್ಣನ ಊಟಕ್ಕೆ ನಾನು ಹೋಗಲೇಬೇಕಾಯಿತು. ನನ್ನ ಊಟಕ್ಕೆ ಅವನನ್ನು ಕರೆ ಎಂದು ಯಾರೂ ಹೇಳಲಿಲ್ಲ, ನಾನೂ ಕರೆಯಲಿಲ್ಲ.

ಚೀನೀ ಹೋಟೆಲಿನಲ್ಲಿ ದುಂಡು ಮೇಜು. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಅಮ್ಮ, ಅವಳ ಬಲಕ್ಕೆ ಅಣ್ಣ, ಎಡಕ್ಕೆ ನಾನು. ನಮ್ಮಲ್ಲಿ ಕಿರಿಯರು ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, ಊಟ ಮಾಡಿ ಎಂದು ಹೇಳದೆ ಊಟದ ಕಡ್ಡಿ ಮುಟ್ಟುವಂತಿಲ್ಲ. ಅಮ್ಮನನ್ನು ಕರೆದೆ. ಅತ್ತಿಗೆಯನ್ನು ಕರೆದೆ. ಅಮ್ಮ ಕಡ್ಡಿ ಎತ್ತದೆ ಕೈ ಕಟ್ಟಿ ಕೂತಳು.

"ತೆಕ್, ಇನ್ನೊಬ್ಬರು ಉಳಿದ್ರು" ಎಂದಳು.

ಮೊದಲು ಕೆಮ್ಮಿ ನೋಡಿದೆ. ಸಾಲಲಿಲ್ಲ. ಕೊನೆಗೆ ಚಮಚ ಕೆಳಗೆ ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಮೇಜಿನ ಅಡಿಗೆ ಇಳಿದೆ. ಐವತ್ತೆರಡು ವರ್ಷದ ಗೃಹಸ್ಥ, ಇಬ್ಬರು ಕೆಲಸದವರಿಗೆ ಯಜಮಾನ, ಅಲ್ಲಿ ನಾಲ್ಕು ಕಾಲಿನ ಮೇಲೆ ಕೂತು ಮೀನು ಬರುವವರೆಗೂ ಕಾಲ ತಳ್ಳಿದೆ. ಎದ್ದು ಬರುವಾಗ ಮೇಜಿಗೆ ತಲೆ ಬಡಿಯಿತು. ಅಷ್ಟರಲ್ಲಿ ಅಮ್ಮ ಸೋತು ಊಟ ಶುರು ಮಾಡಿದ್ದಳು.

ಮಾತಿಲ್ಲದ ಯುದ್ಧ ಮೇಜಿನ ನಡುವಿನ ತಿರುಗುವ ಗಾಜಿನ ಮೇಲೆ ನಡೆಯಿತು. ಅಮ್ಮನಿಗೆ ಮೀನಿನ ಕೆನ್ನೆಯ ಮಾಂಸ ಇಷ್ಟ. ಅಣ್ಣ ಮೀನಿನ ತಟ್ಟೆಯನ್ನು ಅಮ್ಮನ ಮುಂದೆ ತಂದು ನಿಲ್ಲಿಸಿದರೆ, ನಾನು ಗಾಜು ತಿರುಗಿಸಿ ಬಾತುಕೋಳಿಯನ್ನು ತಂದು ನಿಲ್ಲಿಸಿದೆ. ಅವನು ಸೀಗಡಿ ಕಳಿಸಿದ. ನಾನು ಅಣಬೆ ಕಳಿಸಿದೆ. ಅತ್ತಿಗೆ ಕಡ್ಡಿ ಚಾಚಿದಾಗಲೆಲ್ಲ ಊಟ ಅವಳ ಮುಂದಿನಿಂದ ಓಡಿಹೋಗುತ್ತಿತ್ತು. ಪಾಪ, ಅವಳು ಬರೀ ಚಹಾ ಕುಡಿದುಕೊಂಡು ಕೂತಳು.

ಅಷ್ಟರಲ್ಲಿ ದೀರ್ಘಾಯುಷ್ಯದ ನೂಡಲ್ಸ್ ಬಂತು. ಅದನ್ನು ಕತ್ತರಿಸಬಾರದು, ತುಂಡಾಗಲೂ ಬಾರದು. ಎಳೆ ಎಷ್ಟುದ್ದವೋ ಆಯಸ್ಸು ಅಷ್ಟುದ್ದ. ಅಮ್ಮ ಒಂದು ಎಳೆಯನ್ನು ಕಡ್ಡಿಯಲ್ಲಿ ಹಿಡಿದು ಮೇಲೆತ್ತಿದಳು, ಇನ್ನೊಂದು ತುದಿ ಇನ್ನೂ ತಟ್ಟೆಯಲ್ಲೇ ಇತ್ತು. ಅವಳಿಗೆ ಹತ್ತಿರವಾಗಲಿ ಎಂದು ನಾನು ಗಾಜನ್ನು ಎಡಕ್ಕೆ ಎಳೆದೆ. ಅದೇ ಕ್ಷಣದಲ್ಲಿ, ಅದೇ ಉದ್ದೇಶದಿಂದ, ಅಣ್ಣ ಬಲಕ್ಕೆ ಎಳೆದ. ಎಳೆ ಬಿಗಿದು ನಿಂತು ನಮ್ಮೆಲ್ಲರ ಕಣ್ಣೆದುರಿಗೇ ಪಟ್ಟನೆ ಹರಿಯಿತು.

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಣ್ಣನ ಮುಖ ಬಿಳಿಚಿಕೊಂಡಿತ್ತು, ನನ್ನದೂ ಹಾಗೇ ಇದ್ದಿರಬೇಕು. ಅಮ್ಮ ಮಾತ್ರ ಕಡ್ಡಿಯಲ್ಲಿದ್ದ ತುಂಡನ್ನು ಬಾಯಿಗಿಟ್ಟಳು. ತಟ್ಟೆಯಲ್ಲಿದ್ದ ತುಂಡನ್ನೂ ಹುಡುಕಿ ತೆಗೆದು ಬಾಯಿಗಿಟ್ಟಳು.

"ಹೊಟ್ಟೆಯೊಳಗೆ ಹೋಗಿ ಸೇರ್ಕೊಳ್ಳುತ್ತೆ ಬಿಡಿ" ಎಂದು ಅಗಿಯತೊಡಗಿದಳು.

ಹೊರಡುವಾಗ ಅಣ್ಣ ಗೈಕ್ ಸಿಮ್ ಕಡೆ ತಿರುಗಿ, ಆ ಜಪಾನಿ ಹೋಟೆಲಿನಲ್ಲಿ ಕುರ್ಚಿ ಇದೆಯಾ ಎಂದು ಕೇಳಿದ. ಅದೆಲ್ಲ ನನಗೆ ಗೊತ್ತು ಎಂದು ಹೇಳು ಎಂದು ನಾನೂ ಗೈಕ್ ಸಿಮ್ ಕಡೆಗೇ ತಿರುಗಿ ಹೇಳಿದೆ. ನಾವು ಮೂವರೂ ನಿಂತಿದ್ದದ್ದು ಒಂದೇ ಕೊಡೆಯ ಕೆಳಗೆ.

ನನಗೆ ಗೊತ್ತಿದ್ದದ್ದು ನಿಜ. ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಚಾಪೆ, ಮೊಳಕಾಲೆತ್ತರದ ಮೇಜು, ಕೂರಲು ತೆಳುವಾದ ದಿಂಬು. ಅಪ್ಪಟ ಜಪಾನಿ ಪದ್ಧತಿ ಬೇಕು ಎಂದು ನಾನೇ ಒತ್ತಿ ಹೇಳಿದ್ದೆ! ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೆಲ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನನ್ನ ತೋಳು ಒಂದು ಕೈಯಲ್ಲಿ, ಗೈಕ್ ಸಿಮ್ ತೋಳು ಇನ್ನೊಂದು ಕೈಯಲ್ಲಿ ಹಿಡಿದು ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು. ವಯಸ್ಸಾಯಿತಲ್ಲ ಎಂದುಕೊಂಡೆ.

ಹಸಿ ಮೀನಿನ ಹೋಳುಗಳು ಬಂದವು. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, ಪಾಪ, ಇವರಿಗೆ ಗ್ಯಾಸ್ ಮುಗಿದಿದೆಯಾ ಎಂದು ಕೇಳಿದಳು. ನಾನು ಜಪಾನಿನ ಅರಮನೆಯಲ್ಲೇ ಹುಟ್ಟಿ ಬೆಳೆದವನಂತೆ, ಯಾವುದನ್ನು ಯಾವುದರಲ್ಲಿ ಅದ್ದಬೇಕು ಎಂದು ಉಪನ್ಯಾಸ ಕೊಟ್ಟೆ. ಎರಡು ಗಂಟೆ ಹಿಂದೆಯಷ್ಟೇ ಎಂಟು ಬಗೆ ಉಂಡಿದ್ದವಳು ನಾನು ಬಡಿಸಿದ್ದನ್ನೆಲ್ಲ ತಿಂದಳು. ಚೆನ್ನಾಗಿದೆಯಾ ಎಂದು ಕೇಳಿದಾಗಲೆಲ್ಲ ತಲೆಯಾಡಿಸಿದಳು. ಅಣ್ಣನ ಊಟದಲ್ಲಿ ಅವಳು ಇಷ್ಟು ತಿಂದಿರಲಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಎರಡೂವರೆ ಹೊತ್ತಿಗೆ ಅಮ್ಮ, ಸ್ವಲ್ಪ ಹೊರಗೆ ಹೋಗಿಬರಬೇಕು ಎಂದು ಮೆಲ್ಲಗೆ ಹೇಳಿದಳು. ನಾನು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅಮ್ಮ ಮೇಲೇಳಲಿಲ್ಲ. ಇನ್ನೂ ಬಲ ಹಾಕಿ ಎತ್ತಿದೆ. ಆಗ ನನ್ನ ಸೊಂಟದಲ್ಲಿ ಏನೋ ಕಟಕ್ಕೆಂದು ಹಿಡಿದುಕೊಂಡಿತು. ನಾನು ಇದ್ದ ಹಾಗೆಯೇ ಅಮ್ಮನ ಪಕ್ಕದಲ್ಲಿ ಅಂಗಾತ ಮಲಗಿಬಿಟ್ಟೆ. ಬಡಿಸುತ್ತಿದ್ದ ಹೆಂಗಸು, ಜಪಾನಿ ಉಡುಪಿನ ನಮ್ಮೂರವಳೇ, ಓಡಿ ಬಂದಳು. ಅವಳ ಉಡುಪು ಎಷ್ಟು ಬಿಗಿಯಾಗಿತ್ತೆಂದರೆ ಬಗ್ಗಿದರೆ ಅವಳೂ ನಮ್ಮ ಸಾಲಿಗೆ ಸೇರುವಂತಿದ್ದಳು. ಮೂರು ಗಂಟೆಗೆ ಬಾಗಿಲು ಹಾಕುತ್ತೇವೆ ಎಂದು ವಿನಯದಿಂದ ಹೇಳಿ ದೂರ ನಿಂತಳು.

"ಮಂಡಿ ಎರಡೂ ಸವೆದು ಎರಡು ವರ್ಷ ಆಯ್ತು. ಕೆಳಗೆ ಕೂತ್ರೆ ಏಳಕ್ಕಾಗಲ್ಲ" ಎಂದಳು ಅಮ್ಮ, ಯಾರದೋ ಮಂಡಿಯ ವಿಷಯ ಹೇಳುವಂತೆ. "ದಿನಾ ಬೆಳಿಗ್ಗೆ ಹೋಕ್ ಎಬ್ಬಿಸ್ತಾನೆ."

"ಗೊತ್ತಿದ್ದೂ ಯಾಕಮ್ಮ ಕೂತೆ?"

"ನೀನು ಆಸೆಪಟ್ಟು ಕರ್ಕೊಂಡು ಬಂದಿದ್ಯಲ್ಲೋ."

ಎರಡು ವರ್ಷ, ಭಾನುವಾರಕ್ಕೊಂದು ಗಂಟೆ, ಆ ಕುರ್ಚಿಯ ಪಕ್ಕದಲ್ಲೇ ನಾನು ಕೂತಿದ್ದೆ. ಅವಳು ಎದ್ದು ಬಾಗಿಲವರೆಗೆ ಬಂದು ನನ್ನನ್ನು ಕಳಿಸಿಕೊಡುವುದು ಯಾವಾಗ ನಿಂತಿತು ಎಂಬುದೇ ನೆನಪಾಗಲಿಲ್ಲ. ಮಲಗಿದ್ದಲ್ಲೇ ನಾಚಿಕೆಯಾಯಿತು.

"ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ, ಅಮ್ಮನ ಮಂಡಿ ಕಾಣ್ಲಿಲ್ವಾ?" ಎಂದಳು ಗೈಕ್ ಸಿಮ್. ಅವಳಿಗೂ ಕಂಡಿರಲಿಲ್ಲ. ಆದರೆ ಅದನ್ನು ಎತ್ತಿ ಆಡುವ ಭಂಗಿಯಲ್ಲಿ ನಾನಿರಲಿಲ್ಲ. ಅವಳು ಫೋನು ತೆಗೆದು ನನ್ನ ಎದೆಯ ಮೇಲಿಟ್ಟು, ಭಾವನವರಿಗೆ ಮಾಡಿ ಎಂದಳು.

ನಾನು ಚಾಪೆಯ ಮೇಲೆ ಮಲಗಿಯೇ ನನ್ನ ಎರಡನೆಯ ಪ್ರತಿಜ್ಞೆಯನ್ನು ಕಾಪಾಡಿಕೊಳ್ಳಲು ನೋಡಿದೆ. ಬೇರೆ ಯಾರನ್ನಾದರೂ ಕರೆ, ಅಪ್ಪನ ಪೆಟ್ಟಿಗೆ ಮುಚ್ಚಿದವನ ಹತ್ತಿರ ನಾನು ಸಹಾಯ ಕೇಳುವುದಿಲ್ಲ ಎಂದೆ.

ಅಮ್ಮ ತನ್ನ ಮುಂದಿದ್ದ ಕಡ್ಡಿಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು.

"ಮುಚ್ಚಿಸಿದ್ದು ನಾನು" ಎಂದಳು. "ಕಾಯೋಣ, ತೆಕ್ ಬರ್ತಿದ್ದಾನೆ ಅಂತ ಹೋಕ್ ಹೇಳ್ತಾನೇ ಇದ್ದ. ನಿಮ್ಮಪ್ಪನ ಮುಖ ಗುರುತು ಸಿಗದ ಹಾಗೆ ಬಾತುಕೊಂಡಿತ್ತು ಕಣೋ. ನೀನು ಅದನ್ನ ನೋಡೋದು ಬೇಡ, ನಗ್ತಿದ್ದ ಮುಖಾನೇ ನೆನಪಿರಲಿ ಅಂತ ನಾನೇ ಹಟ ಮಾಡಿ ಮುಚ್ಚಿಸ್ದೆ. ಆಮೇಲೆ ನೀನು ಕೂಗಾಡೋದು ನೋಡಿ ಹೇಳಕ್ಕೆ ಧೈರ್ಯ ಬರಲಿಲ್ಲ. ನೀನು ಸುಮ್ನಿರಮ್ಮ, ಅವನು ನನ್ನನ್ನೇ ಬೈಯಲಿ ಅಂದ ಹೋಕ್."

ಬಡಿಸುವ ಹೆಂಗಸು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಹೋದಳು. ನನಗೆ ಅಳು ಬಂತು. ಅಂಗಾತ ಮಲಗಿ ಅತ್ತರೆ ಕಣ್ಣೀರು ನೇರವಾಗಿ ಕಿವಿಗೆ ಇಳಿಯುತ್ತದೆ ಎಂಬುದು ಆ ದಿನ ತಿಳಿಯಿತು. ಫೋನು ಒತ್ತಿದೆ. ಒಂದೇ ಸದ್ದಿಗೆ ಎತ್ತಿಕೊಂಡ. ಹೇಳಬೇಕಾದ ಆ ಎರಡಕ್ಷರ ಒಂಬತ್ತು ವರ್ಷದಿಂದ ಬಳಕೆಯಿಲ್ಲದೆ ತುಕ್ಕು ಹಿಡಿದಿತ್ತು.

"ಅಣ್ಣ" ಎಂದೆ.

ಅಮ್ಮ ಕಣ್ಣು ಮುಚ್ಚಿಕೊಂಡಳು. ಆ ಕಡೆಯಿಂದ ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು.

"ಎಷ್ಟನೇ ಮಹಡಿ?" ಎಂದ ಅಣ್ಣ.

ಎರಡು ನಿಮಿಷದಲ್ಲಿ ಬಂದ. ಅತ್ತಿಗೆಯನ್ನು ಟ್ಯಾಕ್ಸಿಯಲ್ಲಿ ಮನೆಗೆ ಕಳಿಸಿ, ಒಂದೂವರೆಯಿಂದ ಕೆಳಗೆ ಕಾರಿನಲ್ಲೇ ಕೂತಿದ್ದನಂತೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ನನ್ನನ್ನು ನೋಡಿದ. ದಿಂಬನ್ನು ಎರಡು ಮಡಿಕೆ ಮಾಡಿ ಅಮ್ಮನ ಮಂಡಿಯ ಕೆಳಗಿಟ್ಟ, ಅವಳ ಎರಡೂ ಕೈಗಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡ, ಒಂದು, ಎರಡು ಎಂದ. ಮೂರು ಎನ್ನುವಷ್ಟರಲ್ಲಿ ಅಮ್ಮ ನಿಂತಿದ್ದಳು. ಗೈಕ್ ಸಿಮ್ ಅವಳನ್ನು ಹೊರಗೆ ಕರೆದುಕೊಂಡು ಹೋದಳು.

ಆಮೇಲೆ ಅದೇ ದಿಂಬನ್ನು ತಂದು ನನ್ನ ಮಂಡಿಯ ಕೆಳಗಿಟ್ಟ. ನನ್ನ ಕೈಗಳನ್ನೂ ತನ್ನ ಹೆಗಲ ಮೇಲೆ ಹಾಕಿಕೊಂಡ. ಅವನ ಕೊರಳಿಗೆ ಜೋತುಬಿದ್ದು, ಕಿವಿಯ ಹತ್ತಿರ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಣ್ಣ ಎಂದು ಕೇಳಿದೆ.

"ಹೇಳಿದ್ರೆ ನೀನು ಅಮ್ಮನ ಜೊತೆ ಮಾತು ಬಿಡ್ತಿದ್ದೆ. ಅವಳು ತಡ್ಕೊಳ್ತಿರಲಿಲ್ಲ" ಎಂದ ಅಣ್ಣ, ನನ್ನನ್ನು ಎತ್ತಿ ನಿಲ್ಲಿಸುತ್ತ. "ನನ್ನ ಜೊತೆ ಬಿಟ್ಟೆ. ನಂಗೇನು, ಒಂಬತ್ತು ವರ್ಷ ನೆಮ್ಮದಿಯಾಗಿದ್ದೆ."