ಕಣ್ಣರಳಿಸಿದ ಎಂಟನೇ ತರಗತಿ

ಫೋಟೋ ತೆಗೆಯುವುದರಲ್ಲಿ ನನ್ನನ್ನು ಮೀರಿಸುವ ಗಣಿತದ ಮೇಷ್ಟ್ರು ಈ ಭೂಮಂಡಲದಲ್ಲೇ ಇಲ್ಲ ಎಂದು ನಾನು ಒಂದು ಸೋಮವಾರ ತೀರ್ಮಾನಿಸಿದೆ. ಅದುವರೆಗೆ ನಾನು ತೆಗೆದ ಫೋಟೋಗಳಲ್ಲಿ ಜನರಿಗೆ ತಲೆ ಇರುತ್ತಿರಲಿಲ್ಲ, ತಲೆ ಇದ್ದರೆ ಕಾಲಿರುತ್ತಿರಲಿಲ್ಲ. ಅದು ಬೇರೆ ಮಾತು.

ಇದಕ್ಕೆಲ್ಲ ಕಾರಣ ನಮ್ಮ ಮುಖ್ಯೋಪಾಧ್ಯಾಯಿನಿ. ಎಲ್ಲ ಮೇಷ್ಟರನ್ನೂ ಕೂರಿಸಿಕೊಂಡು, ನಿಮ್ಮ ಪಾಠವನ್ನೂ ದಿನನಿತ್ಯದ ಬದುಕನ್ನೂ ಸೃಜನಶೀಲವಾಗಿ ಫೋಟೋದಲ್ಲಿ ಹಿಡಿದು ತನ್ನಿ, ಪೋಷಕರ ದಿನ ಗೋಡೆಗೆ ಹಾಕೋಣ, ನಿಮ್ಮನ್ನು ನೀವೇ ನೋಡಿಕೊಂಡ ಹಾಗಾಗುತ್ತದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಆಕಳಿಸಿಕೊಂಡು ಎದ್ದು ಬರುತ್ತಿದ್ದೆ. ಮುಂದಿನ ವರ್ಷ ಹತ್ತನೇ ತರಗತಿಯ ಗಣಿತ ಯಾರಿಗೆ ಎನ್ನುವುದನ್ನೂ ಆ ಗೋಡೆ ನೋಡಿಯೇ ಹೇಳುತ್ತೇನೆ ಎಂದುಬಿಟ್ಟರು! ಆ ಹತ್ತನೇ ತರಗತಿಗಾಗಿ ನಾನು ವರ್ಷಗಳಿಂದ ಬಾಯಿ ಬಾಯಿ ಬಿಡುತ್ತಿದ್ದವನು. ಪ್ರತಿ ಸಲವೂ ಅದು ನನಗಿಂತ ಕಿರಿಯ, ಗುಂಗುರು ಕೂದಲಿನ ಗಣಿತದ ಮೇಷ್ಟರ ಪಾಲಾಗುತ್ತಿತ್ತು. ಅವನ ಕೂದಲು ಕಂಡರೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಮನೆಗೆ ಬಂದವನೇ, ಇನ್ನು ಮುಂದೆ ಈ ಮನೆಯಲ್ಲಿ ನಡೆಯುವುದೆಲ್ಲ ಕಲೆ ಎಂದು ಹೆಂಡತಿಗೆ ಘೋಷಿಸಿದೆ. ಅವಳೂ ಟೀಚರೇ. ಶಿಶುವಿಹಾರದಲ್ಲಿ ಪುಟಾಣಿಗಳಿಗೆ ಪಾಠ ಹೇಳುವವಳು. ಕಲೆ ಆಮೇಲೆ, ಮೊದಲು ಒಲೆ ಮೇಲಿನ ಹಾಲು ನೋಡಿಕೊಳ್ಳಿ ಎಂದು ಬಟ್ಟೆ ಒಣಹಾಕಲು ಹೋದಳು.

ನೋಡಿಕೊಂಡೆ. ಹಾಗೆ ಯಾರೂ ಹಾಲು ನೋಡಿಕೊಂಡಿರಲಾರರು. ಅದು ಪಾತ್ರೆಯ ಅಂಚಿಗೆ ಬಂದು ಉಬ್ಬಿ ನಿಂತಿತು. ವಿದ್ಯಾರ್ಥಿಯ ಪ್ರತಿಭೆ ಹೊರಹೊಮ್ಮುವುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಉಂಟೇ? ಒಂದು ಕ್ಲಿಕ್. ಇನ್ನೊಂದು ಕ್ಲಿಕ್. ಪ್ರತಿಭೆ ಒಲೆಯ ಮೇಲೆ ಹರಿದು, ಕಟ್ಟೆ ಇಳಿದು, ಫ್ರಿಜ್ಜಿನ ಅಡಿಗೆ ನುಗ್ಗಿತು.

"ಎದುರಿಗೇ ನಿಂತಿದ್ರಲ್ಲ, ಒಲೆ ಆರಿಸೋಕೆ ಏನಾಗಿತ್ತು?" ಎಂದಳು ಹೆಂಡತಿ.

"ಎರಡೂ ಕೈಲಿ ಫೋನ್ ಹಿಡಿದಿದ್ದೆ ಕಣೇ. ಅಲುಗಾಡಿದ್ರೆ ಚಿತ್ರ ಕೆಡುತ್ತೆ."

"ನೆಲ ಒರೆಸೋಕೆ ಒಂದೇ ಕೈ ಸಾಕು. ಬಟ್ಟೆ ಅಲ್ಲಿದೆ."

ಹಾಲು ಕೈಕೊಟ್ಟ ಮೇಲೆ ನನ್ನ ಕಣ್ಣು ಅತ್ತೆಯ ಮೇಲೆ ಬಿತ್ತು. ನಮ್ಮಲ್ಲಿಗೆ ಬಂದು ಕೆಲವು ದಿನವಾಗಿತ್ತಷ್ಟೆ. ಭಾನುವಾರ ಊಟ ಮುಗಿಸಿ, ಹಜಾರದ ಸೋಫಾದಲ್ಲಿ ಬಾಯಿ ತೆರೆದು ಮಲಗಿದ್ದರು. ಊಟದ ನಂತರದ ಪೀರಿಯಡ್ಡಿನಲ್ಲಿ ನನ್ನ ಕೊನೆಯ ಬೆಂಚು ಥೇಟ್ ಹೀಗೇ ಇರುತ್ತದೆ! ಬೆಳಕು ಮಾತ್ರ ಸಾಲದು. ಬಿಳಿ ಬಟ್ಟೆ ಮೇಲೆ ಹಿಡಿದರೆ ಮುಖಕ್ಕೆ ಬೆಳಕು ಬೀಳುತ್ತದೆ ಎಂದು ಎಲ್ಲೋ ಓದಿದ್ದೆ. ಹಾಸಿಗೆಯ ಬಿಳಿ ಹೊದಿಕೆ ಎಳೆದು ತಂದೆ, ಸ್ಟೂಲು ಹತ್ತಿದೆ, ಒಂದು ಕೈಯಲ್ಲಿ ಹೊದಿಕೆ ಚಾಚಿ ಇನ್ನೊಂದರಲ್ಲಿ ಫೋನು ಹಿಡಿದೆ. ಸ್ಟೂಲು ಅಲುಗಿತು. ನಾನು ಟೀಪಾಯಿಯ ಮೇಲೆ ಬಿದ್ದೆ. ಹೊದಿಕೆ ನಿಧಾನವಾಗಿ ಇಳಿದು ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ಮುಚ್ಚಿತು.

ಒಳಗಿನಿಂದ ಬಲು ಶಾಂತವಾದ ದನಿ ಬಂತು. "ಅಳಿಯಂದಿರೇ, ನಾನಿನ್ನೂ ಇದ್ದೀನಿ."

ಅಂದು ಸಂಜೆಯೇ ಅವರು ಕಿರಿಯ ಮಗಳ ಮನೆಗೆ ಹೊರಟರು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು.

ಮನೆ ಕೈಬಿಟ್ಟರೂ ಶಾಲೆ ಕೈಹಿಡಿಯಿತು. ಶನಿವಾರ ಎಂಟನೇ ತರಗತಿಯಲ್ಲಿ ಫೋನನ್ನು ಬೋರ್ಡಿನ ಕೆಳಗಿನ ಪಟ್ಟಿಯ ಮೇಲೆ ಡಸ್ಟರಿಗೆ ಒರಗಿಸಿ, ತಾನೇ ಕ್ಲಿಕ್ಕಿಸುವಂತೆ ಮಾಡಿ, ತ್ರಿಕೋನದ ಪಾಠ ಮುಂದುವರಿಸಿದೆ. ಆಮೇಲೆ ಫೋಟೋ ನೋಡಿದರೆ ಅಬ್ಬಬ್ಬಾ! ಎಲ್ಲರ ಕತ್ತೂ ಮೇಲೆತ್ತಿದೆ, ಎಲ್ಲರ ಕಣ್ಣೂ ಅರಳಿದೆ, ತುಟಿಯಲ್ಲಿ ನಗು ತುಳುಕುತ್ತಿದೆ. ಹಿಂದಿನ ಬೆಂಚಿನವನೊಬ್ಬ ಆನಂದ ತಡೆಯಲಾರದೆ ಅರ್ಧ ಎದ್ದೇ ನಿಂತಿದ್ದಾನೆ. ನಿಜ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು. ದೊಡ್ಡದಾಗಿ ಪ್ರಿಂಟು ಹಾಕಿಸಿ, 'ಜ್ಞಾನದಾಹ' ಎಂದು ಹೆಸರಿಟ್ಟೆ.

ಪೋಷಕರ ದಿನ ಮುಖ್ಯೋಪಾಧ್ಯಾಯಿನಿ ಅದರ ಮುಂದೆ ನಿಂತವರು ಕದಲಲೇ ಇಲ್ಲ. ಗುಂಗುರು ಕೂದಲಿನವನ ಮುಖ ಸಣ್ಣಗಾಯಿತು. ಹತ್ತನೇ ತರಗತಿ ಸಿಕ್ಕಿತೆಂದೇ ನಾನು ಎದೆ ಉಬ್ಬಿಸಿದೆ. ಅಷ್ಟರಲ್ಲಿ ಹೆಂಡತಿ ಬಂದಳು. ಅಂದು ಬೆಳಿಗ್ಗೆಯಷ್ಟೇ ಮಾತು ಶುರು ಮಾಡಿದ್ದಳು.

"ಮಕ್ಕಳು ನಿಮ್ಮನ್ನ ನೋಡ್ತಿಲ್ಲ, ಬೋರ್ಡನ್ನೂ ನೋಡ್ತಿಲ್ಲ. ಅದಕ್ಕಿಂತ ಮೇಲೆ ನೋಡ್ತಿದ್ದಾರೆ. ಅಲ್ಲೇನಿದೆ?"

ಆದರ್ಶ ಯಾವಾಗಲೂ ಎತ್ತರದಲ್ಲೇ ಇರುತ್ತದೆ ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ.

"ಗಡಿಯಾರ," ಎಂದರು ಮುಖ್ಯೋಪಾಧ್ಯಾಯಿನಿ.

ಶನಿವಾರದ ಕೊನೆಯ ಪೀರಿಯಡ್ಡು! ಗಂಟೆ ಹೊಡೆಯಲು ಇನ್ನೊಂದೇ ನಿಮಿಷವಿತ್ತು. ಅರ್ಧ ಎದ್ದವನ ಹೆಗಲಿಗೆ ಆಗಲೇ ಚೀಲ ಏರಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮುಖ್ಯೋಪಾಧ್ಯಾಯಿನಿ ಕರುಣಾಮಯಿ. ಬೋರ್ಡಿನ ಮೇಲಿದ್ದ ಗಡಿಯಾರವನ್ನು ತೆಗೆಸಿ ಹಿಂದಿನ ಗೋಡೆಗೆ ಹಾಕಿಸಿದರು. ಮುಂದಿನ ಶನಿವಾರ ತಾವೇ ಬಂದು ಕೊನೆಯ ಬೆಂಚಿನಲ್ಲಿ ಕೂತು ಒಂದು ಫೋಟೋ ತೆಗೆಯುವುದಾಗಿಯೂ, ಹತ್ತನೇ ತರಗತಿಯ ಮಾತು ಆಮೇಲೆ ಎಂದೂ ಹೇಳಿದರು. ನಾನು ಇಸ್ತ್ರಿ ಅಂಗಿ ತೊಟ್ಟು ಹೋಗಿ, ಗಂಟಲು ಕಟ್ಟುವಷ್ಟು ಪಾಠ ಮಾಡಿದೆ. ಅವರು ಕಡೆಯಲ್ಲಿ ಒಂದೇ ಒಂದು ಫೋಟೋ ತೆಗೆದು ಎದ್ದು ಹೋದರು.

ಸೋಮವಾರ ಹತ್ತನೇ ತರಗತಿ ಗುಂಗುರು ಕೂದಲಿಗೆ ಹೋಯಿತು. ಆ ಫೋಟೋ ನನ್ನ ಕೈಗೆ ಬಂತು. ಅದರಲ್ಲಿ ಮಕ್ಕಳ ಬೆನ್ನುಗಳಿವೆ, ಅವುಗಳಾಚೆ ಬೋರ್ಡಿನ ಪಕ್ಕ ನಾನು. ಕತ್ತು ನೀಡಿದ್ದೇನೆ, ಕಣ್ಣು ಅರಳಿಸಿದ್ದೇನೆ, ಮಕ್ಕಳ ತಲೆಗಳನ್ನೆಲ್ಲ ದಾಟಿ ಹಿಂದಿನ ಗೋಡೆಯ ಮೇಲ್ಭಾಗವನ್ನು ನೋಡುತ್ತಿದ್ದೇನೆ.

ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಮ್ಮ ಮದುವೆ ಫೋಟೋದಲ್ಲೂ ನಿಮ್ಮ ಮುಖ ಇಷ್ಟು ಅರಳಿರಲಿಲ್ಲ," ಎಂದಳು.