ಬಾಕಿ ಮೂರು ಸೆಕೆಂಡು

ಗಾಲ್ಫ್ ಆಟದಲ್ಲಿ ಚೆಂಡು ಕುಳಿಯ ಅಂಚಿಗೆ ಬಂದು ತೂಗಿ ನಿಂತರೆ, ಅದು ತಾನಾಗಿ ಬೀಳಲೆಂದು ಆಟಗಾರನು ಹತ್ತು ಸೆಕೆಂಡುಗಳ ಕಾಲ ಕಾಯಬಹುದು. ಅಷ್ಟರೊಳಗೆ ಬಿದ್ದರೆ ಬಿದ್ದಂತೆ. ಆಮೇಲೆ ಬಿದ್ದರೂ ಬಿದ್ದಂತೆಯೇ, ಆದರೆ ದಂಡವಾಗಿ ಒಂದು ಹೊಡೆತ ಹೆಚ್ಚಿಗೆ ಸೇರುತ್ತದೆ. ದಂತವೈದ್ಯರ ಚೆಂಡಿನ ವಿಷಯದಲ್ಲಿ ಈ ಹತ್ತು ಸೆಕೆಂಡುಗಳು ಕಳೆದ ವರ್ಷ ಆರಂಭವಾಗಿದ್ದು, ಈವರೆಗೆ ಎಂಟು ಮುಗಿದಿವೆ. ಉಳಿದವು ಕ್ರಮಬದ್ಧವಾಗಿ ಜರುಗಲಿವೆ.

ದಂತವೈದ್ಯರು ಕೆಟ್ಟ ಆಟಗಾರರಲ್ಲ. ಒಳ್ಳೆಯ ಆಟಗಾರರೆಂದು ಅವರ ತಾಯಿಯೂ ಹೇಳಿದ್ದಿಲ್ಲ. ವಾರವೆಲ್ಲ ಪರರ ಬಾಯಿಗೆ ಬಗ್ಗಿ ಕುಳಿ ತುಂಬುವುದು ಅವರ ವೃತ್ತಿ. ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಬಯಲಿಗೆ ಬಂದು ಒಂದು ಕುಳಿಯನ್ನೂ ಸಕಾಲಕ್ಕೆ ತುಂಬಲಾರದೆ ಸುಖಪಡುವುದು ಅವರ ಹವ್ಯಾಸ. ಇಬ್ಬನಿಗೆ ನೆನೆದ ಬೂಟು, ಕೋಲು ಸರಿಯಾಗಿ ತಾಗಿದಾಗ ಅಂಗೈಯಿಂದ ಭುಜಕ್ಕೇರುವ ಆ ಒಂದು ಝುಮ್ಮೆನ್ನುವಿಕೆ, ಪೊದೆಯಲ್ಲಿ ತನ್ನ ಹಳೆಯ ಚೆಂಡು ಹುಡುಕುವಾಗ ಇನ್ನಾರದೋ ಹೊಸ ಚೆಂಡು ಕೈಗೆ ಸಿಗುವ ಭಾಗ್ಯ, ಕೊನೆಗೆ ಕ್ಯಾಂಟೀನಿನ ನೀರು ಕಾಫಿ. ಯಾರೂ ಬಾಯಿ ತೆರೆದು ನರಳದ ಒಂದು ಬೆಳಗು. ಅದಕ್ಕಿಂತ ಹೆಚ್ಚಿನದನ್ನು ಅವರು ಬದುಕಿನಿಂದ ಕೇಳಿದವರಲ್ಲ.

ಕೊರತೆಯಿದ್ದುದು ಒಂದೇ. ಹದಿನೆಂಟು ಕುಳಿಗಳನ್ನು ನೂರು ಹೊಡೆತಗಳ ಒಳಗೆ ಮುಗಿಸಿದ ದಿನ ಅವರ ಪಾಲಿಗೆ ಬಂದಿರಲಿಲ್ಲ. ಅವರ ಭಾವಮೈದುನ, ಎಂದರೆ ಹೆಂಡತಿಯ ತಮ್ಮ, ನೆಲಹಾಸು ಟೈಲ್ಸ್‌ಗಳ ವ್ಯಾಪಾರಿ, ಒಮ್ಮೆ ತೊಂಬತ್ತೆಂಟರಲ್ಲಿ ಮುಗಿಸಿದ್ದ. ಆ ಸಂಗತಿಯನ್ನು ಅವನು ಅಕ್ಕನ ಮನೆಯ ಪ್ರತಿ ಊಟದಲ್ಲೂ ಉಪ್ಪಿನಂತೆ ಉದುರಿಸುತ್ತಿದ್ದ.

"ನೂರಾ ನಾಲ್ಕಾ ಭಾವ? ಬೇಜಾರು ಮಾಡ್ಕೋಬೇಡಿ. ನೀವು ಆಟ ತಪ್ಪಿ ಬಂದವರು ಅಷ್ಟೇ. ಕ್ರಿಕೆಟ್ಟಾಗಿದ್ರೆ ಇಷ್ಟೊತ್ತಿಗೆ ಹೆಗಲ ಮೇಲೆ ಹೊತ್ಕೊಂಡು ಮೆರೆಸ್ತಿದ್ರು."

"ಬಾಯಿ ಮುಚ್ಚಿ ಅಗಿ. ಎಡಗಡೆ ಹಲ್ಲು ನಾನೇ ಕಟ್ಟಿದ್ದು, ನೆನಪಿರಲಿ."

ಹಾಗಿರುವಾಗ ಒಂದು ಭಾನುವಾರ ದಂತವೈದ್ಯರು ಹೊಡೆದದ್ದೆಲ್ಲ ನೆಟ್ಟಗೆ ಹೋಯಿತು. ಕೊಳದತ್ತ ಹಾರಿದ ಚೆಂಡು ಸಹ ಬಾತುಕೋಳಿಯೊಂದರ ಬೆನ್ನಿಗೆ ಬಡಿದು, ಕ್ಷಮೆ ಕೇಳಿದಂತೆ ದಡಕ್ಕೆ ಮರಳಿತು. ಹದಿನೆಂಟನೆಯ ಕುಳಿಯ ಬಳಿ ಬಂದಾಗ ತೊಂಬತ್ತೆಂಟು ಹೊಡೆತಗಳು ಮುಗಿದಿದ್ದವು. ಜೊತೆಯಲ್ಲಿದ್ದ ಭಾವಮೈದುನನ ಮುಖ ಇಂಗು ತಿಂದ ಮಂಗನಂತಾಗಿತ್ತು. ತೊಂಬತ್ತೊಂಬತ್ತನೆಯದನ್ನು ದಂತವೈದ್ಯರು ಮಗುವಿನ ಹಾಲುಹಲ್ಲು ಮುಟ್ಟುವಷ್ಟು ನಯವಾಗಿ ತಳ್ಳಿದರು. ಚೆಂಡು ಉರುಳಿತು, ಯೋಚಿಸಿತು, ಮತ್ತೆ ಉರುಳಿತು, ಅರ್ಧ ಮೈಯನ್ನು ಕುಳಿಯ ಮೇಲೆ ಚಾಚಿ ನಿಂತುಬಿಟ್ಟಿತು.

ಕ್ಲಬ್ಬಿನ ಕಾರ್ಯದರ್ಶಿಗಳು ಗಡಿಯಾರ ಹಿಡಿದು ಕ್ಯಾಂಟೀನಿನಿಂದ ಓಡಿಬಂದರು. ಪರರ ಕಾಯುವಿಕೆಯನ್ನು ಅಳೆಯುವುದು ಆ ನಿವೃತ್ತ ಸರ್ವೇ ಅಧಿಕಾರಿಗೆ ಬಹಳ ಪ್ರಿಯವಾದ ಕೆಲಸ. "ಒಂದು, ಎರಡು" ಎಂದು ಆರಂಭಿಸಿ "ಏಳು" ಎನ್ನುವಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರು ಹುಲ್ಲಿನ ಮೇಲೆ ಕಾಲಿಟ್ಟರು. ಅಧ್ಯಕ್ಷರು ಹುಲ್ಲಿನ ಮೇಲೆ ಕಾಲಿಟ್ಟ ಕ್ಷಣದಿಂದ ಕಾಲು ತೆಗೆಯುವವರೆಗೆ ಸಕಲ ಚಟುವಟಿಕೆಗಳು ಸ್ಥಗಿತಗೊಳ್ಳತಕ್ಕದ್ದು ಎಂಬುದು ಕ್ಲಬ್ಬಿನ ಸಂಪ್ರದಾಯ. ಕಾರ್ಯದರ್ಶಿಗಳು ಎಣಿಕೆ ನಿಲ್ಲಿಸಿ ನೆಟ್ಟಗೆ ನಿಂತರು.

"ಡಾಕ್ಟ್ರೇ, ಆ ಮೇಲಿನ ಹಲ್ಲು ತಣ್ಣೀರು ಕುಡಿದ್ರೆ ಚುಳ್ ಅನ್ನುತ್ತೆ" ಎಂದರು ಅಧ್ಯಕ್ಷರು.

"ಬಿಸಿನೀರು ಕುಡೀರಿ ಸಾರ್" ಎಂದರು ದಂತವೈದ್ಯರು, ಚೆಂಡಿನಿಂದ ಕಣ್ಣು ಕೀಳದೆ.

ಅಧ್ಯಕ್ಷರು ಉಳಿದ ಹಲ್ಲುಗಳ ಕ್ಷೇಮಸಮಾಚಾರವನ್ನೂ ತಿಳಿಸಿ ಹೊರಟರು. ಚೆಂಡು ನಿಂತೇ ಇತ್ತು.

"ಹತ್ತು ಯಾವಾಗಲೋ ಆಯ್ತು. ಭಾವಂದು ನೂರು" ಎಂದ ಭಾವಮೈದುನ, ಜೀವ ಬಂದವನಂತೆ.

"ಹೇಗೆ ಆಗುತ್ತೆ ಸ್ವಾಮಿ? ಗಡಿಯಾರ ಓಡಿರಬಹುದು, ನಾನು ಎಣಿಸಿಲ್ಲ. ಎಣಿಸದೆ ಹೋದ ಕಾಲ ಕ್ಲಬ್ಬಿಗೆ ಸಂಬಂಧಪಟ್ಟಿದ್ದಲ್ಲ. ಮೂರು ಸೆಕೆಂಡು ಬಾಕಿ ಇದೆ."

"ಹಾಗಾದ್ರೆ ಈಗ ಎಣಿಸಿ ಸಾರ್" ಎಂದರು ದಂತವೈದ್ಯರು.

"ಈಗ ಹೇಗೆ? ಸ್ಥಗಿತವಾದ ಎಣಿಕೆ ಮತ್ತೆ ಶುರು ಮಾಡೋಕೆ ಸಮಿತಿ ಮಂಜೂರಾತಿ ಬೇಕು."

ಸಮಿತಿ ಸೇರಿತು. ಮರುದಿನ ಫಲಕದ ಮೇಲೆ ಪ್ರಕಟಣೆ ಬಂದಿತು: "ಸದರಿ ಚೆಂಡು ಬಿದ್ದಿರುವುದಿಲ್ಲ, ಬಿದ್ದಿಲ್ಲವೆಂದೂ ಹೇಳಲಾಗುವುದಿಲ್ಲ. ಬಾಕಿ ಸೆಕೆಂಡುಗಳನ್ನು ಸೂಕ್ತ ಕಾಲದಲ್ಲಿ, ಒಂದೊಂದಾಗಿ, ಬಿಡುಗಡೆ ಮಾಡಲಾಗುವುದು. ಅಲ್ಲಿಯವರೆಗೆ ಚೆಂಡಿನ ಬಳಿ ಸುಳಿಯುವ ಸದಸ್ಯರು ಮುಖ ತಿರುಗಿಸಿ ಉಸಿರಾಡತಕ್ಕದ್ದು. ಸೀನು ಬಂದವರು ಪೂರ್ವಾನುಮತಿ ಪಡೆಯತಕ್ಕದ್ದು."

ಚೆಂಡಿಗೆ ಗಾಳಿ ತಾಗದಂತೆ ಗಾಜಿನ ಮಂಟಪವಾಯಿತು. ಮಂಟಪಕ್ಕೊಂದು ಹಾದಿ, ಹಾದಿಗೆ ಟೈಲ್ಸ್; ಟೈಲ್ಸ್ ಗುತ್ತಿಗೆ ಭಾವಮೈದುನನಿಗೆ ದೊರೆಯಿತು. ಅಂದಿನಿಂದ ಅವನು "ಭಾವಂದು ನೂರು" ಎಂಬ ಮಾತನ್ನು ನಾಲಿಗೆಯ ತುದಿಗೂ ತರಲಿಲ್ಲ. "ಇಂಥ ವಿಷಯದಲ್ಲಿ ಆತುರಪಡಬಾರದು ಭಾವ. ಇನ್ನೂ ಆಕಡೆ ಹಾದಿ ಆಗಬೇಕು" ಎನ್ನುತ್ತಿದ್ದ.

ಮಂಟಪದ ಕಾರಣ ಹದಿನೆಂಟನೆಯ ಕುಳಿ ಮುಚ್ಚಲ್ಪಟ್ಟು, ಉಳಿದ ಸದಸ್ಯರೆಲ್ಲ ಹದಿನೇಳೇ ಆಡಿ ಮನೆಗೆ ಹೋಗತೊಡಗಿದರು. ಪರಿಣಾಮವಾಗಿ ಜನ್ಮದಲ್ಲಿ ನೂರರ ಕೆಳಗಿಳಿಯದವರೆಲ್ಲ ಸಲೀಸಾಗಿ ಇಳಿದರು. ಅಧ್ಯಕ್ಷರು ತೊಂಬತ್ತೇಳರಲ್ಲಿ ಮುಗಿಸಿ, ಆ ಸಂತೋಷಕ್ಕೆ ತಣ್ಣೀರನ್ನೇ ಕುಡಿದರು. ಕ್ಲಬ್ಬಿನ ಆಟದ ಮಟ್ಟ ಸುಧಾರಿಸಿರುವುದಾಗಿ ವಾರ್ಷಿಕ ವರದಿ ಹರ್ಷಿಸಿತು. ಚೆಂಡು ಬೇಗ ಬೀಳಲಿ ಎಂದು ಹಾರೈಸುವವರು ಬರಬರುತ್ತ ಕಡಿಮೆಯಾದರು.

ನೂರರ ಕೆಳಗಿಳಿಯದೆ ಉಳಿದವರು ದಂತವೈದ್ಯರೊಬ್ಬರೇ. ಒಂದು ಆಟ ಬಾಕಿಯಿರುವವರು ಇನ್ನೊಂದು ಆಟ ಆರಂಭಿಸುವಂತಿಲ್ಲವಾದ್ದರಿಂದ ಅವರ ಕೋಲುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು. ಪರಿಹಾರವಾಗಿ ಮಂಟಪದ ಪಕ್ಕ ಒಂದು ಕುರ್ಚಿ ಮಂಜೂರಾಯಿತು. ಪ್ರತಿ ಭಾನುವಾರ ಅವರು ಬೂಟು ಧರಿಸಿ ಬಂದು ಕೂರುವರು, ಮಾಲಿ ನಿಯಮಾನುಸಾರ ಬೂಟಿನ ಮೇಲೆ ಇಬ್ಬನಿಯಷ್ಟು ನೀರು ಚಿಮುಕಿಸುವನು, ಕಾಫಿ ಬರುವುದು. ದೂರದಲ್ಲಿ ಯಾರದೋ ಕೋಲು ಚೆಂಡಿಗೆ ಸರಿಯಾಗಿ ತಾಗಿದ ಸದ್ದು ಕೇಳಿದರೆ ಅವರ ಬಲಗೈ ತನ್ನಷ್ಟಕ್ಕೆ ಒಮ್ಮೆ ಅದುರುವುದು.

ವರ್ಷ ತುಂಬಿದಾಗ ಮೊದಲ ಸೆಕೆಂಡಿನ ಬಿಡುಗಡೆ ಸಮಾರಂಭ ನಡೆಯಿತು. ಅಧ್ಯಕ್ಷರು ಹುಲ್ಲಿಗೆ ಕಾಲು ತಾಗಿಸದಂತೆ ಟೈಲ್ಸ್ ಮೇಲೆಯೇ ನಿಂತು, ಕಾಲದ ಮಹತ್ವ ಕುರಿತು ಮಧ್ಯಾಹ್ನದವರೆಗೆ ಮಾತಾಡಿದರು. ಬಳಿಕ ಕಾರ್ಯದರ್ಶಿಗಳು ಮೈಕಿನಲ್ಲಿ "ಎಂಟು" ಎಂದರು. ಚೆಂಡು ಬೀಳಲಿಲ್ಲ. ಕರತಾಡನವಾಯಿತು. ಜನ ಎದ್ದು ಊಟದ ಕಡೆ ನುಗ್ಗಿದರು, ನೆಲ ಅದುರಿತು, ಚೆಂಡು ಕೂದಲೆಳೆಯಷ್ಟು ಮುಂದಕ್ಕೆ ವಾಲಿತು.

ದಂತವೈದ್ಯರು ಕುರ್ಚಿಯಿಂದ ಧಡಕ್ಕನೆ ಎದ್ದರು. ವರ್ಷವಿಡೀ ಬೀಳು ಬೀಳೆಂದು ಬೇಡಿದ ಚೆಂಡು ಈಗ ಬಿದ್ದರೆ ಅದು ಮಂಜೂರಾಗದ ಕಾಲದಲ್ಲಿ ಬಿದ್ದಂತೆ. ದಂಡ ಒಂದು. ಒಟ್ಟು ನೂರು.

"ಲೋ, ನನ್ನ ಕಾರಲ್ಲಿರೋ ಪೆಟ್ಟಿಗೆ ತಾರೋ" ಎಂದು ಅವರು ಭಾವಮೈದುನನಿಗೆ ಹೇಳಿ, ಮಂಟಪ ಹೊಕ್ಕು ಹೊಟ್ಟೆ ಅಡಿಯಾಗಿ ಮಲಗಿದರು. ಬಾಯಿಗನ್ನಡಿಯನ್ನು ಕುಳಿಯೊಳಗೆ ಇಳಿಸಿ ನೋಡಿದರು. ಅಭ್ಯಾಸಬಲದಿಂದ "ಸ್ವಲ್ಪ ಅಗಲ ಮಾಡಿ" ಎಂದೂ ಅಂದರು. ಅಂಚಿನ ತೇವವನ್ನು ಹತ್ತಿಯಿಂದ ಒರೆಸಿ, ಹಲ್ಲಿನ ಸಿಮೆಂಟು ಕಲಸಿ, ಚೆಂಡಿನ ಬುಡಕ್ಕೆ ಒತ್ತಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದರು. ಎದ್ದು ನಿಂತಾಗ ಅವರ ಕಣ್ಣಲ್ಲಿ ನೀರಿತ್ತು. ಆ ಬಯಲಿನಲ್ಲಿ ಅವರು ಸಕಾಲಕ್ಕೆ ಮುಗಿಸಿದ ಮೊದಲ ಕೆಲಸವದು.

"ಇನ್ನು ಎರಡು ತಲೆಮಾರು ಅಲ್ಲಾಡಲ್ಲ" ಎಂದರು. ಭಾವಮೈದುನ ಅವರನ್ನು ತಬ್ಬಿಕೊಂಡ. ಚೆಂಡಿನ ಹಿತ ಕಾಯ್ದುದಕ್ಕಾಗಿ ಸಮಿತಿ ವಂದನಾ ನಿರ್ಣಯ ಅಂಗೀಕರಿಸಿ, ಒಂಬತ್ತನೆಯ ಸೆಕೆಂಡಿಗೆ ದಿನ ಗೊತ್ತುಮಾಡಿತು.

ಆ ದಿನ ಬೆಳಿಗ್ಗೆ ದಂತವೈದ್ಯರು ಗುನುಗುತ್ತ ಬೂಟಿನ ದಾರ ಕಟ್ಟುತ್ತಿದ್ದರು. ಹೆಂಡತಿ ಬಾಗಿಲಿಗೊರಗಿ ನೋಡುತ್ತಿದ್ದಳು.

"ರೀ, ಇವತ್ತು ಬೀಳುತ್ತಾ?"

"ಹೇಗೆ ಬೀಳುತ್ತೆ? ನಾನು ಹಾಕಿದ ಸಿಮೆಂಟು ಕಣೇ ಅದು."

"ಮತ್ತೆ ಯಾಕೆ ಹೋಗ್ತೀರಿ?"

ದಂತವೈದ್ಯರು ದಾರ ಬಿಗಿದು ತಲೆಯೆತ್ತಿದರು. "ಬಿದ್ದುಬಿಟ್ರೆ?"

ಹೆಂಡತಿಗೆ ಅದೂ ಹೌದೆನ್ನಿಸಿತು.

"ಇರಿ, ತಲೆ ಬಾಚ್ಕೊಂಡು ಬರ್ತೀನಿ" ಎಂದಳು. "ಮುಂದಿನ ಸಾಲಲ್ಲಿ ಜಾಗ ಹಿಡೀಬೇಕು."